ಗುಡಿಯ ಛತ್ತಿನ ಮಸಿ

“ಅದನ್ನ ತಿಕ್ಕಬ್ಯಾಡ್ರಿ,” ಎಂದು ಹಸೀನಾ ಚಾಚಿ ಏಣಿ ಹಿಡಿದು ನಿಂತಳು. ಮೇಲೆ ಕೂಲಿಯವನು ಚಾಲುಕ್ಯರ ಕಾಲದ ಗುಡಿಯ ಛತ್ತಿಗೆ ಹತ್ತಿದ್ದ ಮಸಿಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ. ಎಪ್ಪತ್ತರ ದಶಕದ ಮಾತು. ಹುನಗುಂದ ಕಡೆಯ ನಮ್ಮೂರಲ್ಲಿ ಹಳೆಯ ಗುಡಿಗಳೊಳಗೇ ಜನ ತಲೆಮಾರುಗಳಿಂದ ಸಂಸಾರ ಹೂಡಿದ್ದರು. ಗುಡಿ ಉಳಿಸಬೇಕೆಂದು ಸರ್ಕಾರದವರು, ಈ ಗುಡಿಯಲ್ಲಿದ್ದ ಚಾಚಿಯೂ ಸೇರಿ ಅವರನ್ನೆಲ್ಲ ಊರ ಹೊರಗಿನ ಹೊಸ ಮನೆಗಳಿಗೆ ಕಳಿಸಿ ವಾರವಾಗಿತ್ತು.

ನಮ್ಮ ಮನೆತನದಲ್ಲೇ ಮೊದಲ ಬಿ.ಎ. ನಾನು, ಅದೂ ಇತಿಹಾಸದಲ್ಲಿ. ಮಸಿಯಡಿ ಮೂಡುತ್ತಿದ್ದ ಕಲ್ಲಿನ ಕಮಲ ತೋರಿಸಿ, “ಎಷ್ಟ್ ಚಂದ ಐತಿ ನೋಡ ಚಾಚಿ,” ಎಂದೆ.

ಆಕೆ ನೋಡಲಿಲ್ಲ. “ನಮ್ಮವ್ವ ರೊಟ್ಟಿ ಸುಟ್ಟ ಹೊಗಿ ಇದು, ತಮ್ಮಾ. ಆಕೀದೊಂದ್ ಫೋಟೋ ಸೈತ ಇಲ್ಲ ನನ್ ಕಡೆ. ಒಂದ್ ಮೂಲಿ ಬಿಡಾಕ ಹೇಳು. ಕಲತಾಂವ ಅದಿ, ನಿನ್ ಮಾತ್ ಕೇಳ್ತಾರ.”

ನಾನು ಮೇಸ್ತ್ರಿಗೆ ಹೇಳಿದೆ. ಅವನು ನಕ್ಕ. “ಬಿ.ಎ. ಸಾಹೇಬ್ರ, ಮಸಿ ಕಾಯಾಕ ಕಳಿಸ್ಯಾರೇನ್ ನಮ್ಮನ್ನ?” ಎಂದು ಏಣಿಯನ್ನು ಮಸಿ ಉಳಿದಿದ್ದ ಮೂಲೆಗೆ ಸರಿಸಿದ. ಕೆಂಪು ಕಲ್ಲು ಪೂರ್ತಿ ಕಾಣುವವರೆಗೆ ಚಾಚಿ ನಿಂತಿದ್ದು, ಹೊಸ ಮನೆಯ ಕಡೆ ನಡೆದಳು.

ಈಗಲೂ ನೆಂಟರು ಬಂದರೆ ಆ ಗುಡಿ ತೋರಿಸುತ್ತೇನೆ. ಕಟ್ಟಿಸಿದವರ ಕಾಲ, ಕಂಬದ ಕೆತ್ತನೆ ಎಲ್ಲ ವಿವರಿಸುತ್ತೇನೆ. ಚಾಚಿಯ ತಾಯಿಯ ಒಲೆ ಯಾವ ಮೂಲೆಯಲ್ಲಿತ್ತೆಂದು ಮಾತ್ರ ನನಗೂ ಗುರುತು ಸಿಗುವುದಿಲ್ಲ.