ಹಿಂದಿ ಮೇಡಂ ಅವರ ಎಡಗೈ

ನಮ್ಮ ಹಿಂದಿ ಮೇಡಂ ಅವರ ಎಡ ಅಂಗೈಯ ನಟ್ಟನಡುವೆ ಒಂದು ತಗ್ಗಿತ್ತು. ಎಲ್ಲರ ಅಂಗೈಯಲ್ಲೂ ತಗ್ಗಿರುತ್ತದೆ, ಅದೇನು ದೊಡ್ಡ ವಿಷಯ ಅನ್ನಬೇಡಿ. ಅವರದು ಬೇರೆ. ಎಂಟನೇ ವಯಸ್ಸಿಗೆ ದೀಕ್ಷೆಯಾದಾಗಿನಿಂದ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಲ್ಲಿಟ್ಟು ಪೂಜೆ ಮಾಡಿ ಮಾಡಿ ಅಲ್ಲೊಂದು ಗೂಡೇ ಆಗಿಬಿಟ್ಟಿದೆ ಅಂತ ನಾವು ಹುಡುಗಿಯರು ನಂಬಿದ್ದೆವು. ಕೈಗೆರೆಗಳ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ವಿಭೂತಿ ಕೂತಿರುತ್ತಿತ್ತು. ಬಲಗೈ ಬೆರಳುಗಳಿಗೆ ಕೆಂಪು ಇಂಕು. "ಎಡಗೈ ದೇವರಿಗೆ, ಬಲಗೈ ನಿಮಗೆ" ಅಂತ ಹೇಳಿಯೇ ಬೆನ್ನಿಗೊಂದು ಬಿಡುತ್ತಿದ್ದರು.

ಅವರು ಪಾಠ ಹೇಳುತ್ತಿದ್ದದ್ದು ಹರಿಹರದಲ್ಲಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಇದ್ದದ್ದು ದಾವಣಗೆರೆಯಲ್ಲಿ. ಹರಿಹರದ ತವರಿನಲ್ಲಿದ್ದಾಗ ಮೂರು ವರ್ಷ ಅವರ ಕೈಯಲ್ಲಿ ಸಿಕ್ಕು ಒದ್ದಾಡಿ, ಅಂತೂ ತಪ್ಪಿಸಿಕೊಂಡೆ ಅಂದುಕೊಂಡು ಮದುವೆಯಾಗಿ ದಾವಣಗೆರೆಯ ನಿಟ್ಟುವಳ್ಳಿಗೆ ಬಂದರೆ, ಹಿತ್ತಲ ಗೋಡೆಯ ಆಚೆ ಮನೆಯೇ ಅವರದು. ನನ್ನ ಹಣೆಬರಹ. ಮೇಡಂ ಅವರ ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿಲ್ಲ. ಬೆಳಿಗ್ಗೆ ಪೂಜೆ, ಆಮೇಲೆ ಹರಿಹರದ ಬಸ್ಸು, ಸಂಜೆ ಟ್ಯೂಷನ್. ನಾನು ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದರೆ ಗೋಡೆ ಮೇಲಿಂದ ತಲೆ ಕಾಣುತ್ತಿತ್ತು. "ನಿನ್ನ ಲಿಂಗ ಎಲ್ಲೈತೆ?" ಅನ್ನುತ್ತಿದ್ದರು. ನನ್ನದು ದೇವರ ಗೂಡಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. "ಮನ್ಯಾಗ ಐತೆ ಮೇಡಂ" ಅಂದರೆ, "ಮನೆ ಅದನ್ನ ಹೊತ್ಕೊಳ್ಳೋದಲ್ಲ, ನೀನು ಹೊತ್ಕೋಬೇಕು" ಅನ್ನೋರು.

ಅವರ ಕೆಂಪು ಪೆನ್ನಿನ ಬಗ್ಗೆ ಹೇಳಲೇಬೇಕು. ಕಿರಾಣಿ ಅಂಗಡಿಯ ಬೋರ್ಡು, ದೇವಸ್ಥಾನದ ಪಾಂಪ್ಲೆಟ್ಟು, ಯಾರದೋ ತಿಥಿ ಕಾರ್ಡು, ಯಾವುದೂ ಅವರಿಂದ ಉಳಿಯಲಿಲ್ಲ. ನನ್ನ ಮದುವೆ ಕರೆಯೋಲೆಯನ್ನು ಮೂರು ಕಡೆ ಕೆಂಪು ಗೆರೆ ಎಳೆದು, ಉಡುಗೊರೆ ಸೀರೆಯ ಮಡಿಕೆಯೊಳಗಿಟ್ಟು ವಾಪಸ್ ಕೊಟ್ಟಿದ್ದರು. ನಾನು ಸಿಟ್ಟಾದರೆ, "ತಪ್ಪು ಕಂಡ ಮ್ಯಾಲೆ ಸುಮ್ನಿರೋದೇ ತಪ್ಪು ಕಣೇ" ಅಂದರು. ಕ್ಲಾಸಿನಲ್ಲಿ "ಗೊತ್ತಿಲ್ಲ ಮೇಡಂ" ಅನ್ನುವಂತಿರಲಿಲ್ಲ. "ಗೊತ್ತಿಲ್ಲ ಅನ್ನೋದು ಉತ್ತರ ಅಲ್ಲ. ಏನರ ಹೇಳು, ತಪ್ಪಾದ್ರೆ ನಾನು ಅದೀನಿ." ಅವರಿಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನಾದರೂ ಇದೆ ಅಂತ ನನಗೆ ಮುಂದೆ ಅವರ ಜೊತೆ ಒಂದು ದ್ವೀಪಕ್ಕೆ ಹೋಗುವವರೆಗೂ ಅನ್ನಿಸಿರಲಿಲ್ಲ.

ಅವರು ರಿಟೈರಾದ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ದ್ವಾರಕೆ ಸೋಮನಾಥಕ್ಕೆ ಯಾತ್ರೆ ಬಸ್ಸು ಹೊರಟಿತು. ನಲವತ್ತು ಜನ, ಒಬ್ಬ ಅಡುಗೆಯವನು, ಎರಡು ಚೀಲ ಮಂಡಕ್ಕಿ. "ನೀನೂ ಬಾರೇ. ಪಕ್ಕದ ಸೀಟಿಗೆ ಗೊರಕೆ ಹೊಡೆಯೋರು ಬಂದ್ರೆ ನನಗಾಗಲ್ಲ" ಅಂದರು. ನಮ್ಮ ಮನೆಯವರು ಹೋಗಿ ಬಾ ಅಂತ ಎಷ್ಟು ಬೇಗ ಹೇಳಿಬಿಟ್ಟರು ಅಂದರೆ, ಅದರ ಬಗ್ಗೆ ಇವತ್ತಿಗೂ ನನಗೆ ಅನುಮಾನವಿದೆ.

ಮೂವತ್ತೈದು ವರ್ಷ ಹಿಂದಿ ಕಲಿಸಿದ್ದರೂ ಮೇಡಂ ಹಿಂದಿ ನಡೆಯುವ ಸೀಮೆಗೆ ಹೋಗಿದ್ದು ಅದೇ ಮೊದಲು. ದಾರಿಯಲ್ಲಿ ಒಂದು ಕಡೆ ಅವರು ಅಚ್ಚ ಪುಸ್ತಕದ ಹಿಂದಿಯಲ್ಲಿ ಚಹಾ ಕೇಳಿದರೆ, ಅಂಗಡಿಯವನು ರೇಡಿಯೋ ವಾರ್ತೆ ಕೇಳುವವನ ಹಾಗೆ ಕೈಕಟ್ಟಿ ನಿಂತುಬಿಟ್ಟ. ಮೇಡಂ ನನ್ನ ಕಡೆ ತಿರುಗಿ, "ಪಾಪ, ಓದಿಲ್ಲ" ಅಂದರು.

ಸೋಮನಾಥ ದರ್ಶನ ಮುಗಿದ ರಾತ್ರಿ ಊಟದ ಹೊತ್ತಿಗೆ ಬಸ್ಸಿನ ಮ್ಯಾನೇಜರ್ ಬಂದ. "ಇಲ್ಲೇ ಎರಡು ತಾಸಿನ ದಾರಿ, ದೀವ್ ಅಂತ ಒಂದು ದ್ವೀಪ ಐತ್ರಿ. ಸಮುದ್ರದ ದಂಡ್ಯಾಗ, ಬಂಡೆ ನಡುವೆ ಐದು ಲಿಂಗ. ಗಂಗಮ್ಮ ತಾನೇ ಬಂದು ಅಭಿಷೇಕ ಮಾಡ್ತಾಳೆ. ನೋಡ್ಕೊಂಡು ಹೋಗೋಣೇನ್ರಿ?" ಅಂದ. ಅಲ್ಲಿಯವರೆಗೆ ಗುಡಿಯೊಳಗೂ ಬಾರದೆ ಬಸ್ಸಿನ ನೆರಳಲ್ಲೇ ಕೂತಿದ್ದ ಗಂಡಸರು ಒಬ್ಬರಾದ ಮೇಲೊಬ್ಬರು ಹೂಂ ಅಂದರು. ಏನು ಭಕ್ತಿ ಅಂದುಕೊಂಡೆ. ಗುಜರಾತಿನಲ್ಲಿ ಕುಡಿಯುವ ಹಾಗಿಲ್ಲ, ದೀವಿನಲ್ಲಿ ಅಡ್ಡಿಯಿಲ್ಲ ಅನ್ನುವುದು ಮರುದಿನ ಗೊತ್ತಾಯಿತು.

ಬೆಳಿಗ್ಗೆ ಸೇತುವೆ ದಾಟಿ ದ್ವೀಪಕ್ಕೆ ಬಂದಾಗ ನಮ್ಮ ಹೆಂಗಸರೆಲ್ಲ ತಬ್ಬಿಬ್ಬು. ಯಾತ್ರಾಸ್ಥಳ ಅಂತ ಬಂದರೆ ಬೆಳ್ಳನೆಯ ಇಗರ್ಜಿಗಳು, ಸಮುದ್ರಕ್ಕೆ ಬಾಯಿ ಮಾಡಿ ಕೂತ ಫಿರಂಗಿಗಳು, ಪಾಚಿಗಟ್ಟಿದ ಕೋಟೆ. ಹಗ್ಗದ ಮೇಲೆ ಒಗೆದ ಬಟ್ಟೆ ಹಾಕಿದ ಹಾಗೆ ಸಾಲಾಗಿ ಒಣಹಾಕಿದ ಮೀನು. ಮೂಗಿಗೆ ಸೆರಗು ಹಿಡಿದು ಹಿಡಿದು ಎಲ್ಲರ ಕೈ ಸೋತವು. ಬೀದಿಗಳಲ್ಲಿ ಜನವೇ ಇಲ್ಲ. ಒಂದು ನಾಯಿ, ಬಲೆ ಹೆಣೆಯುವ ಇಬ್ಬರು ಮುದುಕರು. ಹರಿಹರದ ಅಜ್ಜಿಯೊಬ್ಬರು ಇಗರ್ಜಿಗೆ ಚಪ್ಪಲಿ ಬಿಟ್ಟು ಕೈಮುಗಿದು, "ಇದು ಯಾರ ಮಠನವ್ವಾ?" ಅಂದರು. "ಪೋರ್ಚುಗೀಸರದು. ನಾಕುನೂರು ವರ್ಷದ ಮ್ಯಾಲೆ ಆಳಿದ್ರು. ಉಳಿದ ದೇಶಕ್ಕೆ ಸ್ವಾತಂತ್ರ್ಯ ಬಂದ್ರೂ ಇವರಿಗೆ ಬಂದಿರಲಿಲ್ಲ" ಅಂತ ಮೇಡಂ ನಿಂತಲ್ಲೇ ಪಾಠ ಮಾಡಿದರು.

ಸ್ವಲ್ಪ ಮುಂದೆ ಒಂದು ಮರ. ತಾಳೆಮರವೇ, ಆದರೆ ಅರ್ಧಕ್ಕೆ ಕವಲೊಡೆದು, ಕವಲು ಮತ್ತೆ ಕವಲೊಡೆದಿತ್ತು. "ತಾಳೆಮರಕ್ಕೆ ಕೊಂಬೆ ಇರಲ್ಲ. ಇದು ತಾಳೆ ಅಲ್ಲ" ಅಂದರು ಮೇಡಂ. ಡ್ರೈವರ್ ತಾಳೆಯೇ ಅಂದ. ಬಸ್ಸು ನಿಲ್ಲಿಸಿ ಇಳಿದರು. ಬಿದ್ದ ಗರಿ ಎತ್ತಿ ನೋಡಿದರು, ಕಾಯಿ ನೋಡಿದರು, ಮರದ ಸುತ್ತ ಒಂದು ಸುತ್ತು ಬಂದರು. ವಾಪಸ್ ಬಂದು ನನ್ನ ಪಕ್ಕ ಕೂತರು.

ಲಿಂಗಗಳಿದ್ದ ಜಾಗ ನಿಜಕ್ಕೂ ಚೆನ್ನಾಗಿತ್ತು. ಮೆಟ್ಟಿಲಿಳಿದು ಹೋದರೆ ಕಪ್ಪು ಬಂಡೆಯ ನಡುವೆ ಐದು ಲಿಂಗ, ಅಲೆ ಬಂದು ಮುಳುಗಿಸಿ ಹೋಗುವುದು, ಮತ್ತೆ ಬರುವುದು. ಉಳಿದವರು ಹೂವು ಹಾಕಿ, ಮೇಲೆ ಹೋಗಿ ಮಂಡಕ್ಕಿಗೆ ಕೂತರು. ಮೇಡಂ ಅವತ್ತಿನ ಪೂಜೆಯನ್ನು ಇಲ್ಲೇ ಮಾಡಬೇಕು ಅಂತ ಬೆಳಿಗ್ಗೆಯಿಂದ ಹನಿ ನೀರೂ ಕುಡಿದಿರಲಿಲ್ಲ. ಕೊರಳಿನ ಬೆಳ್ಳಿ ಕರಡಿಗೆ ತೆರೆದು, ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು, ಬಂಡೆಯ ಅಂಚಿಗೆ ಕೂತು ಕಣ್ಣು ಮುಚ್ಚಿದರು. ನಾನು ಅವರ ಚಪ್ಪಲಿ ಹಿಡಿದು ನಿಂತಿದ್ದೆ. ಒಂದು ದೊಡ್ಡ ಅಲೆ ಬಂತು. ಅವರು ಜಾರಿದರು, ನಾನು ರಟ್ಟೆ ಹಿಡಿದು ಎಳೆದೆ. ನೀರಿಳಿದ ಮೇಲೆ ನೋಡಿದರೆ ಅಂಗೈ ಖಾಲಿ.

ಅವರು ಆ ಖಾಲಿ ಕೈಯನ್ನು ಹಾಗೇ ಹಿಡಿದುಕೊಂಡು ನೋಡುತ್ತಿದ್ದರು. ಮುಚ್ಚಲೂ ಇಲ್ಲ. ನಾನು ಮೊಣಕಾಲೂರಿ ಬಂಡೆ ಸಂದಿಯಲ್ಲೆಲ್ಲ ಕೈಹಾಕಿದೆ. ನೀರು ಏರುತ್ತಿತ್ತು. ಮೇಲಿನವರನ್ನು ಕರೆಯುತ್ತೇನೆ ಅಂದರೆ, "ಬ್ಯಾಡ. ಯಾರಿಗೂ ಹೇಳಬ್ಯಾಡ" ಅಂದರು. ಖಾಲಿ ಕರಡಿಗೆಯನ್ನು ಮುಚ್ಚಿ ಸೆರಗಿನೊಳಗೆ ಸೇರಿಸಿದರು.

ಲಿಂಗ ಮೈಮೇಲಿಲ್ಲದೆ ಅವರು ಏನನ್ನೂ ಬಾಯಿಗೆ ಹಾಕುವವರಲ್ಲ. ಊರು ಸೇರಿ, ಅಯ್ಯನವರ ಕೈಯಿಂದ ಬೇರೆ ಲಿಂಗ ಪಡೆಯಲು ಇನ್ನೂ ಮೂರು ದಿನ ಬೇಕು. ಬಸ್ಸಿನಲ್ಲಿ ಒಬ್ಬ ಅಯ್ಯನವರೂ ಇರಲಿಲ್ಲ. ಏಪ್ರಿಲ್ ಬಿಸಿಲು, ಅವರಿಗೆ ಸಕ್ಕರೆ ಕಾಯಿಲೆ ಬೇರೆ. "ನೀರಾದ್ರೂ ಕುಡೀರಿ ಮೇಡಂ, ದೇವರಿಗೆ ಗೊತ್ತಾಗಲ್ವೇನ್ರಿ" ಅಂದೆ. "ದೇವರಿಗೆ ಗೊತ್ತಾಗ್ತೈತೆ. ನನಗೂ ಗೊತ್ತಾಗ್ತೈತಲ್ಲ" ಅಂದರು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಇವರು ಈ ಬಸ್ಸಿನಲ್ಲೇ ಸತ್ತುಹೋಗುತ್ತಾರೆ ಅನ್ನಿಸಿಬಿಟ್ಟಿತು.

ಮ್ಯಾನೇಜರ್ ಹತ್ತಿರ ಓಡಿ, ಮೇಡಂ ಕಾಲು ಉಳುಕಿದೆ, ಸಂಜೆವರೆಗೆ ಹೊರಡುವುದಾಗಲ್ಲ ಅಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. ನಮ್ಮ ಗಂಡಸರು ಎಲ್ಲೆಲ್ಲೋ ಚದುರಿಹೋಗಿದ್ದರು. ಅವನಿಗೂ ಸಂಜೆವರೆಗೆ ಹೊರಡುವ ದಾರಿಯಿರಲಿಲ್ಲ. "ಪಾಪ, ಆರಾಮ್ ಮಾಡ್ಲಿ ಬಿಡ್ರಿ" ಅಂದ.

ಆಗ ಬಂದವಳು ಒಬ್ಬ ಬೆಸ್ತರ ಮುದುಕಿ. ಬಂಡೆಗೆ ಅಂಟಿದ ಚಿಪ್ಪು ಕೀಳುವ ಕಬ್ಬಿಣದ ಕೊಕ್ಕೆ, ಸೊಂಟದಲ್ಲಿ ಬುಟ್ಟಿ, ಕೈತುಂಬ ಬಳೆ. ಮೇಡಂ ತಮ್ಮ ಹಿಂದಿಯಲ್ಲಿ ವಿವರಿಸಿದರು. ಅವಳಿಗೆ ಒಂದಕ್ಷರ ಹತ್ತಲಿಲ್ಲ. ಕೊನೆಗೆ ಮೇಡಂ ಸುಮ್ಮನೆ ಖಾಲಿ ಅಂಗೈ ತೋರಿಸಿ, ಸಮುದ್ರ ತೋರಿಸಿದರು. ಅದು ತಿಳಿಯಿತು. ಅವಳು ಸೂರ್ಯನ ಕಡೆ ಬೆರಳು ಮಾಡಿ, ಆ ಬೆರಳನ್ನು ಪಡುವಣಕ್ಕೆ ಇಳಿಸಿ, ನೀರು ಹಿಂದೆ ಸರಿಯುವಂತೆ ಕೈಯಾಡಿಸಿದಳು. ಸಂಜೆ ಇಳಿಯುತ್ತದೆ, ಆಗ ಹುಡುಕೋಣ ಅಂತ.

ಮೂವರೂ ನೆರಳಿನಲ್ಲಿ ಕೂತೆವು. ಮುದುಕಿ ಗುಜರಾತಿ ಬೆರೆಸಿದ ಮುರುಕು ಹಿಂದಿಯಲ್ಲಿ ತನ್ನ ಕಥೆ ಹೇಳಿದಳು. ಫಿರಂಗಿಯವರ, ಅಂದರೆ ಪೋರ್ಚುಗೀಸರ, ಕಾಲದಲ್ಲಿ ಅವಳ ಗಂಡ ಹಡಗು ಹತ್ತಿ ಮೊಜಾಂಬಿಕ್‌ಗೆ ಕೆಲಸಕ್ಕೆ ಹೋದನಂತೆ. ಆ ಊರನ್ನೂ ಈ ಊರನ್ನೂ ಫಿರಂಗಿಯವರೇ ಆಳುತ್ತಿದ್ದ ಕಾಲ. ಎರಡು ಕಾಗದ ಬಂದವಂತೆ. ಫಿರಂಗಿಯವರು ದ್ವೀಪ ಬಿಟ್ಟುಹೋದ ಮೇಲೆ ಕಾಗದವೂ ಇಲ್ಲ, ಅವನೂ ಇಲ್ಲ. "ಇದಾನೋ ಇಲ್ಲವೋ?" ಅಂತ ಮೇಡಂ ಕೇಳಿದರು. ಮುದುಕಿ ಎರಡೂ ಕೈ ಮೇಲೆತ್ತಿ, "ಕ್ಯಾ ಪತಾ" ಅಂದಳು, ಯಾರಿಗೆ ಗೊತ್ತು ಅಂತ. ಬಳೆ ಸದ್ದಾಯಿತು. ಮೇಡಂ ಬಹಳ ಹೊತ್ತು ಆ ಬಳೆಗಳನ್ನೇ ನೋಡಿದರು. ಅವಳು ತಂಬಿಗೆಯಲ್ಲಿ ನೀರು ಕೊಟ್ಟಳು, ಮೇಡಂ ಮುಟ್ಟಲಿಲ್ಲ. ಅವರ ತುಟಿ ಒಡೆದಿತ್ತು.

ನಾಲ್ಕು ಗಂಟೆ ಮೇಲೆ ನೀರು ಇಳಿಯಿತು. ನಾನೂ ಮುದುಕಿಯೂ ಬಗ್ಗಿ ಬಗ್ಗಿ ಹುಡುಕಿದೆವು. ಬಸ್ಸಿನ ಹಾರ್ನ್ ಕೇಳತೊಡಗಿತು. ಸುಮಾರು ಹೊತ್ತಾದ ಮೇಲೆ ಮುದುಕಿ ಒಂದು ಗುಂಡಿಯಿಂದ ಕೈ ತೆಗೆದು, ಕಪ್ಪಗೆ ಮಿಂಚುವ ಒಂದು ಕಲ್ಲನ್ನು ಸೀರೆಯಲ್ಲಿ ಒರೆಸಿ ಮೇಡಂ ಅಂಗೈಯಲ್ಲಿಟ್ಟಳು. ಅಂಟುವಾಳ ಕಾಯಿಯಷ್ಟು ದಪ್ಪ, ಮೇಲೆ ಗುಂಡಗೆ, ಕೆಳಗೆ ಚಪ್ಪಟೆ.

ಮೇಡಂ ನೋಡಿದರು. ತಿರುಗಿಸಿ ನೋಡಿದರು. ಅವರ ಕನ್ನಡಕದ ತುಂಬ ಉಪ್ಪುನೀರು. ಆಮೇಲೆ ನನ್ನ ಕಡೆ ಎತ್ತಿ ಹಿಡಿದು, "ಇದೇ ಏನೇ?" ಅಂದರು.

ಮೂರು ವರ್ಷ ಕ್ಲಾಸಿನಲ್ಲಿ ಅವರು ನನ್ನನ್ನು ಸಾವಿರ ಪ್ರಶ್ನೆ ಕೇಳಿದ್ದಾರೆ. ಎಲ್ಲದರ ಉತ್ತರವೂ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಗೊತ್ತಿಲ್ಲದೆ ಕೇಳಿದ್ದು ಇದೊಂದೇ. ನನಗೇನು ಗೊತ್ತು? ಅವರ ಲಿಂಗವನ್ನು ನಾನು ಹತ್ತಿರದಿಂದ ನೋಡಿದವಳೂ ಅಲ್ಲ. ಅಲ್ಲ ಅಂತಲೇ ಅನ್ನಿಸುತ್ತಿತ್ತು. ಅವರ ಒಡೆದ ತುಟಿ ನೋಡಿದೆ.

"ಇದೇ ರೀ ಮೇಡಂ" ಅಂದೆ.

ಅವರು ಅಲ್ಲೇ ಕೂತು, ಸಮುದ್ರದ ನೀರಿನಲ್ಲೇ ಅಭಿಷೇಕ ಮಾಡಿ, ವಿಭೂತಿ ಹಚ್ಚಿ, ಕರಡಿಗೆಯಲ್ಲಿಟ್ಟು ಮುಚ್ಚಿದರು. ಆಮೇಲೆ ಆ ಮುದುಕಿಯ ತಂಬಿಗೆ ಎತ್ತಿ ಗಟಗಟ ಕುಡಿದರು. ಮೀನಿನ ವಾಸನೆಗೆ ಬೆಳಿಗ್ಗೆ ಮೂಗು ಮುಚ್ಚಿಕೊಂಡಿದ್ದವರು ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತುಬಿಟ್ಟೆ. ಒಂದು ಜೀವ ಉಳಿಸಿದೆನೋ, ಐವತ್ತು ವರ್ಷದ ವ್ರತ ಕೆಡಿಸಿದೆನೋ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ಹೇಳಿಬಿಡಬೇಕು ಅಂತ ಎಷ್ಟು ಸಲ ಹಿತ್ತಲಿಗೆ ಹೋದೆನೋ. ಒಮ್ಮೆ ಧೈರ್ಯ ಮಾಡಿ, "ಮೇಡಂ, ಅವತ್ತು ದೀವಿನಾಗ..." ಅಂದೆ. ಅವರು ಟ್ಯೂಷನ್ ಪುಸ್ತಕದಿಂದ ತಲೆಯೆತ್ತದೆ, "ಆ ತಾಳೆಮರ ತಾನೇ? ಹೂಂ, ಕೊಂಬೆ ಇತ್ತು ಬಿಡು" ಅಂದರು. ಮುಂದೆ ಮಾತಾಡಲು ಬಿಡಲಿಲ್ಲ.

ಆದರೆ ಅವರು ಬದಲಾಗಿದ್ದರು. ಟ್ಯೂಷನ್ ಮಕ್ಕಳು ಏನೋ ಕೇಳಿದರೆ ಒಂದೊಂದು ಸಲ, "ನನಗೂ ಗೊತ್ತಿಲ್ಲ ಕಣ್ರೋ, ನೋಡೋಣ" ಅನ್ನುವುದು ಗೋಡೆಯಾಚೆ ಕೇಳುತ್ತಿತ್ತು. ಮೊದಲ ಸಲ ಕೇಳಿದಾಗ ನಾನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದೆ.

ಆರು ವರ್ಷ ಕಳೆಯಿತು. ಸಕ್ಕರೆ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಹತ್ತಿರ ಕರೆದು, ಕರಡಿಗೆ ಮುಟ್ಟಿ ತೋರಿಸಿದರು. "ಕೊನೀಗೆ ಇದನ್ನ ಕೈಯಾಗ ಇಡೋಳು ನೀನೇ. ನನ್ನ ತಮ್ಮನ ಮಗನಿಗೆ ಹೇಳೀನಿ. ಗುರುತು ಹಿಡಿದೋಳು ನೀನೇ ಅಲ್ಲೇನು?" ನಾನು ಅತ್ತೆ. "ಅಳಬ್ಯಾಡ, ನರ್ಸ್ ಬೈತಾಳೆ" ಅಂದರು.

ನಾಲ್ಕನೇ ದಿನ ಹೋಗಿಬಿಟ್ಟರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ಲಿಂಗವನ್ನು ಎಡಗೈಯಲ್ಲಿಟ್ಟು. ಅಯ್ಯನವರು ವಿಭೂತಿ ಹಚ್ಚಿ ನನಗೆ ಜಾಗ ಬಿಟ್ಟರು. ಕರಡಿಗೆ ತೆರೆದು ಕಲ್ಲನ್ನು ಕೈಗೆ ತೆಗೆದುಕೊಂಡೆ. ಹಗಲು ಬೆಳಕಿನಲ್ಲಿ ಕೆಳಭಾಗ ತಿರುಗಿಸಿದರೆ, ಸಾಸಿವೆ ಕಾಳಿನಷ್ಟು ಒಂದು ಬಿಳಿ ಚಿಪ್ಪು ಕಲ್ಲಿಗೆ ಕಚ್ಚಿಕೊಂಡಿತ್ತು. ಸಮುದ್ರದ್ದು. ಯಾರಿಗಾದರೂ ಗೊತ್ತಾಗುವಂಥದ್ದು. ದಿನಾ ತೊಳೆದು ಒರೆಸುವವರಿಗೆ ಮೊದಲ ದಿನವೇ ಗೊತ್ತಾಗಿರುವಂಥದ್ದು. ಉಗುರಿನಲ್ಲಿ ಕೆರೆದರೆ ಹೋಗುತ್ತಿತ್ತು. ಅವರು ಕೆರೆದಿರಲಿಲ್ಲ.

ಅಯ್ಯನವರೂ ನೋಡಿದರು. "ಇದೇ ಏನವ್ವಾ?" ಅಂದರು.

"ಇದೇ ರೀ" ಅಂದೆ. ಈ ಸಲ ಸುಳ್ಳು ಹೇಳಿದ ಹಾಗೆ ಅನ್ನಿಸಲಿಲ್ಲ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಆ ಅಂಗೈಯ ತಗ್ಗಿನಲ್ಲಿ ಅದು ಸರಿಯಾಗಿ ಕೂತಿತು.

ಈಗ ನನ್ನ ಲಿಂಗ ದೇವರ ಗೂಡಿನಲ್ಲಿಲ್ಲ, ಕೊರಳಲ್ಲಿದೆ. ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟುಕೊಂಡು ಕೂತಾಗ ಬರುವುದು ಒಂದೇ ಯೋಚನೆ. ತಪ್ಪು ಕಂಡ ಮೇಲೆ ಸುಮ್ಮನಿರೋದೇ ತಪ್ಪು ಅನ್ನುತ್ತಿದ್ದ ಹೆಂಗಸು ನನ್ನ ತಪ್ಪನ್ನು ಆರು ವರ್ಷ, ದಿನಾ, ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದರು. ಅದಕ್ಕೆ ಮಾತ್ರ ಕೆಂಪು ಗೆರೆ ಎಳೆಯಲಿಲ್ಲ.