ದೊಡ್ಡವ್ವ ಟಿವಿಯಲ್ಲಿ ಬಂದ ಸುದ್ದಿ

ಮೂಡಲಗಿಯ ನಮ್ಮ ಮನೆಯ ಟಿವಿ ಕೆಟ್ಟಾಗ ಅದನ್ನು ಯಾರೂ ರಿಪೇರಿಗೆ ಒಯ್ಯಲಿಲ್ಲ. ಆ ಜಾಗದಲ್ಲಿ ಅವ್ವ ಜೋಳದ ಡಬ್ಬಿ ಇಟ್ಟಳು. ಫೋನಿನಲ್ಲಿ ಸುದ್ದಿ ನೋಡುವ ರೂಢಿ ನನಗಿಲ್ಲ. ಆದರೂ ಸುದ್ದಿ ಬರುತ್ತದೆ. ದಿನಚರಿಯಲ್ಲಿ ಪ್ರತಿ ಸುದ್ದಿಯ ಪಕ್ಕದಲ್ಲಿ ಅದು ಎಲ್ಲಿ ಸಿಕ್ಕಿತು ಎಂದು ಬರೆದಿಡುತ್ತೇನೆ: ಗೋಕಾಕ ಬಸ್ಸು, ಹಿಟ್ಟಿನ ಗಿರಣಿ, ಭಜಿ ಕಟ್ಟಿದ ಪೇಪರು. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಯಾವಾಗಲೂ ಬಸ್ಸೇ ಮುಂದು. ಭಜಿ ಪೇಪರು ಅರ್ಧಕ್ಕೆ ಹರಿದಿರುತ್ತದೆ. ಒಬ್ಬ ಮಂತ್ರಿ ರಾಜೀನಾಮೆ ಕೊಟ್ಟರೋ ಇಲ್ಲವೋ ತಿಳಿಯಲು ನಾನು ಇನ್ನೊಂದು ಪ್ಲೇಟ್ ತಿಂದದ್ದಿದೆ.

ಆದರೆ ಆ ತಿಂಗಳ ದೊಡ್ಡ ಸುದ್ದಿ ಸಿಕ್ಕಿದ್ದು ಗಿರಣಿಯಲ್ಲಿ.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಬೆಲ್ಲದ ಬಾಗೇವಾಡಿಯಲ್ಲಿ ಕಂಬಳಿಗೆ ಉಣ್ಣೆ ನೂಲಿಕೊಂಡು ಇರುತ್ತಾಳೆ. ಪ್ರತಿ ರವಿವಾರ ತಪ್ಪದೆ ಫೋನ್ ಮಾಡುವವಳು ಒಮ್ಮೆಲೆ ನಿಲ್ಲಿಸಿಬಿಟ್ಟಳು. ಅವ್ವನೇ ಮಾಡಿದರೆ "ಹೂಂ, ಆರಾಮ ಅದೀನಿ, ಇಡ್ತೀನಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ತಾನು ಏನು ತಪ್ಪು ಮಾಡಿದೆ ಎಂದು ಅವ್ವನಿಗೆ ಹೊಳೆಯಲಿಲ್ಲ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಹೋದ ಸಲ ಶೇಂಗಾ ಚಟ್ನಿ ಕಳಿಸಲಿಲ್ಲಂತ ಸಿಟ್ಟೇನ?" ಎಂದು ನನ್ನನ್ನು ಕೇಳುತ್ತಿದ್ದಳು.

ಗಿರಣಿಯಲ್ಲಿ ಪಾಳಿ ಕಾಯುತ್ತಿದ್ದಾಗ ಬಾಗೇವಾಡಿ ತವರಿನ ಒಬ್ಬ ಅಜ್ಜಿ ನನ್ನ ಗುರುತು ಹಿಡಿದಳು. "ಏನವಾ, ನಿಮ್ಮ ದೊಡ್ಡವ್ವ ಟಿವಿಯಾಗ ಬಂದಿದ್ಲಲ್ಲ, ಕಂಬಳಿ ಸುದ್ದಿಯಾಗ. ಊರಿಗೆಲ್ಲಾ ಗೊತ್ತೈತಿ. ನೀವು ನೋಡಿಲ್ಲೇನ?"

ಹಿಟ್ಟು ಹೊತ್ತುಕೊಂಡು ಮನೆಗೆ ಓಡಿದೆ. ಅವ್ವ ಕೇಳಿ, ಜೋಳದ ಡಬ್ಬಿಯ ಕಡೆ ಒಮ್ಮೆ ನೋಡಿದಳು.

ಮರುದಿನವೇ ಹೊರಟೆವು. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಕರದಂಟು ತೆಗೆದುಕೊಂಡೆವು. ಹುಕ್ಕೇರಿ ಕಡೆಯ ಬಸ್ಸಿನಲ್ಲಿ ಅವ್ವ ಮೆಲ್ಲಗೆ, "ನೋಡೇವಿ ಅಂತ ಹೇಳೂಣು. ಪಾಪ, ಎಷ್ಟ ಆಸೆ ಇಟ್ಕೊಂಡಿದ್ಲೋ" ಎಂದಳು. ನಾನು ಬೇಡವೆಂದೆ. ಅವಳು ಕೇಳಲಿಲ್ಲ.

ದೊಡ್ಡವ್ವ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಾ, ಟಿವಿಯಾಗ ನೋಡಿದ್ವಿ. ಮಾರಿ ಎಷ್ಟ ಕಳಾ ಇತ್ತು. ಆ ಹಸರ ಸೀರಿ ಛಲೋ ಒಪ್ಪಿತ್ತು ನಿನಗ."

ರಾಟಿ ನಿಂತಿತು.

"ನನ್ನ ಮಾರಿ ಎಲ್ಲಿ ತೋರಿಸ್ಯಾರ? ಕೈ ಅಷ್ಟ ತೋರಿಸ್ಯಾರ. ನನ್ನ ತಂಗಿ ಕೈ ನೋಡಿ ಗುರ್ತ ಹಿಡೀತಾಳ, ಫೋನ್ ಮಾಡ್ತಾಳಂತ ಕುಂತಿದ್ದೆ."

ಅವ್ವ ಕರದಂಟಿನ ಪೊಟ್ಟಣ ಮುಂದೆ ಚಾಚಿದಳು. ನಾನೇ ಹೇಳಿದೆ: "ದೊಡ್ಡವ್ವಾ, ನಮ್ಮನ್ಯಾಗ ಟಿವಿ ಇಲ್ಲ. ಕೆಟ್ಟಿದ್ದು ನಿನಗೂ ಗೊತ್ತಲ್ಲ."

"ಇನ್ನೂ ಹೊಸಾದು ತಂದಿಲ್ಲೇನ?"

"ಇಲ್ಲ. ನಿನ್ನ ಸುದ್ದಿ ಗಿರಣ್ಯಾಗ ಸಿಕ್ತು."

ದೊಡ್ಡವ್ವ ಅವ್ವನನ್ನು ದಿಟ್ಟಿಸಿ ನೋಡಿದಳು. "ಮತ್ತ ಹಸರ ಸೀರಿ?"

"ನಿನ್ನ ಹತ್ರ ಇರೋ ಛಲೋ ಸೀರಿ ಅದೊಂದ ಐತಿ" ಎಂದಳು ಅವ್ವ.

ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಕ್ಕು ಸಾಕಾದ ಮೇಲೆ, "ಬಾ, ಇಲ್ಲಿ ಕುಂಡ್ರು. ಈಗ ನೋಡು" ಎಂದು ರಾಟಿ ತಿರುಗಿಸಿದಳು. ಅವ್ವ ಹತ್ತಿರ ಸರಿದು ಅವಳ ಎಡಗೈ ಹೆಬ್ಬೆರಳು ಮುಟ್ಟಿದಳು. ಅಲ್ಲೊಂದು ಹಳೆಯ ಕುಡುಗೋಲಿನ ಗಾಯದ ಗೆರೆ ಇದೆ. ಇಬ್ಬರೂ ಸಣ್ಣವರಿದ್ದಾಗ ಅವ್ವನ ಪಾಲಿನ ಮೇವು ಕೊಯ್ಯುವ ಕೆಲಸವನ್ನೂ ತಾನೇ ಮಾಡಲು ಹೋಗಿ ದೊಡ್ಡವ್ವ ಕೊಯ್ದುಕೊಂಡದ್ದು.

"ಇದನ್ನ ಕಂಡಿದ್ರ ಗುರ್ತ ಹಿಡೀತಿದ್ದೆ ಅಕ್ಕಾ."

"ಅದಕ್ಕ ಅಂದೆ ಮತ್ತ. ಮುಂದಿನ ಸರ್ತಿ ಟಿವಿಯವರು ಬಂದ್ರ ಮೊದಲ ತಿಳಿಸ್ತೀನಿ. ನೋಡಾಕ ಎಲ್ಲಿ ಹೋಗ್ತಿ?"

"ಇಲ್ಲಿಗೇ ಬರ್ತೀನಿ."

"ಹಂಗಾರ ಸುಮ್ನ ಕುಂಡ್ರಬ್ಯಾಡ" ಎಂದು ದೊಡ್ಡವ್ವ ಉಣ್ಣೆಯ ಬುಟ್ಟಿಯನ್ನು ಅವ್ವನ ಮುಂದೆ ತಳ್ಳಿದಳು. "ಹಿಂಜು."