ಮದ್ದೂರಿನ ಛತ್ರದಲ್ಲಿ ಒಂದು ಪಂಕ್ತಿ

ನಮ್ಮ ಕಾಲದ ಕಾಲೇಜು ಫುಟ್‌ಬಾಲಿನಲ್ಲಿ ಎರಡು ಆಟ ಇರುತ್ತಿದ್ದವು. ಒಂದು ರೆಫರಿ ಸೀಟಿ ಊದಿ ಶುರು ಮಾಡುತ್ತಿದ್ದದ್ದು. ಇನ್ನೊಂದು ಆತ ಕೊನೆಯ ಸೀಟಿ ಊದಿದ ಮೇಲೆ ತಾನಾಗಿಯೇ ಶುರುವಾಗುತ್ತಿದ್ದದ್ದು. ಎರಡನೆಯದಕ್ಕೆ ಗೋಲಿಲ್ಲ, ಗೆರೆಯಿಲ್ಲ, ಹನ್ನೊಂದೇ ಜನ ಎಂಬ ಕಟ್ಟುಪಾಡಿಲ್ಲ. ನಮ್ಮ ಕಡೆ ಆಯುಧ ಹುಡುಕುವ ಕಷ್ಟವೂ ಇರಲಿಲ್ಲ. ಆಟ ನೋಡಲು ಬರುವ ಹುಡುಗರು ತಲೆಗೊಂದು ಕಬ್ಬಿನ ಜಲ್ಲೆ ಹಿಡಿದೇ ಬರುತ್ತಿದ್ದರು. ಅರ್ಧ ತಿಂದು, ಉಳಿದರ್ಧವನ್ನು ಕೊನೆಯ ಸೀಟಿಗೆಂದು ಇಟ್ಟುಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮಂಡ್ಯದಲ್ಲಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಎಂದು ಹೇಳುವುದು ಅಪ್ಪನ ಸಮಾಧಾನಕ್ಕೆ. ನಿಜವಾಗಿ ಮಾಡುತ್ತಿದ್ದದ್ದು ಕಾಲೇಜು ತಂಡದಲ್ಲಿ ಬ್ಯಾಕ್ ಆಡುವ ಕೆಲಸ. ದುದ್ದದ ಕಡೆಯವನು, ಗದ್ದೆಯ ಬದುವಿನ ಮೇಲೆ ಓಡಿ ಬೆಳೆದವನು, ಕಾಲು ಗಟ್ಟಿಯಾಗಿತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅದು ಪೂರ್ತಿ ಇಳಿದಿಲ್ಲ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಮೊದಲನೇ ವರ್ಷ ನಾವು ಮಳವಳ್ಳಿಗೆ ಹೋಗಿ ಆಡಿ ಸೋತೆವು. ಸೋತದ್ದು ಎರಡು ಗೋಲಿನಿಂದ. ಎರಡನ್ನೂ ಹೊಡೆದವನು ಒಬ್ಬನೇ, ಸಣ್ಣ ದೇಹದ, ಉದ್ದ ಕೂದಲಿನ ಹುಡುಗ. ಎರಡು ಸಲವೂ ಅವನು ನನ್ನನ್ನೇ ದಾಟಿಕೊಂಡು ಹೋಗಿದ್ದ. ಆಟ ಮುಗಿದ ಮೇಲೆ ಯಾರೋ ಯಾರನ್ನೋ ತಳ್ಳಿದರು, ಯಾರೋ ಬೈದರು, ಧೂಳೆದ್ದಿತು. ನಾನು ಆಗಷ್ಟೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ಆ ಹುಡುಗ ನನಗೆ ಬೆನ್ನು ಹಾಕಿ ಬಿಂದಿಗೆಯಿಂದ ನೀರು ಕುಡಿಯುತ್ತಿದ್ದ. ಲೇಸು ಹಿಡಿದು ಬೂಟನ್ನು ಅವನ ತಲೆಗೆ ಬೀಸಿದೆ. ಅವನು ಕೂಗಲಿಲ್ಲ, ಬಿಂದಿಗೆಯ ಮೇಲೆಯೇ ಬಿದ್ದ. ನಾವು ಬಸ್ಸು ಹತ್ತಿ ಓಡಿಬಂದೆವು. ಆಮೇಲೆ ಅವನು ಆಸ್ಪತ್ರೆಯಿಂದ ಮನೆಗೆ ಬಂದ ಎಂದು ಸುದ್ದಿ ಸಿಕ್ಕಿತು, ನಾನು ಅಷ್ಟಕ್ಕೇ ನೆಮ್ಮದಿಯಾದೆ.

ಮಾರನೇ ವರ್ಷ ಮತ್ತೆ ಅದೇ ಎರಡು ತಂಡ. ಈ ಸಲ ಹೊಡೆದಾಟವಾದರೆ ಎರಡೂ ಕಡೆ ಫುಟ್‌ಬಾಲನ್ನೇ ನಿಲ್ಲಿಸುತ್ತೇವೆ ಎಂದು ಇಬ್ಬರು ಪ್ರಿನ್ಸಿಪಾಲರೂ ಹೇಳಿದರು. ಅದಕ್ಕಿಂತ ಮುಖ್ಯವಾದ ಸುದ್ದಿ ನನಗೆ ಬೇರೆ ದಾರಿಯಲ್ಲಿ ಬಂತು. ಮಳವಳ್ಳಿ ಬಸ್ಸಿನ ಕಂಡಕ್ಟರೊಬ್ಬ ನಮ್ಮ ಹಾಸ್ಟೆಲಿನ ಮುಂದೆ ಇಳಿದು, ನನ್ನನ್ನೇ ಕರೆಸಿ ಹೇಳಿದ: "ಆ ಬೂಟಿನೋನ ಕಾಲು ಮುರ್ದೇ ಕಳುಸ್ತೀವಿ ಅಂತಾವ್ರೆ ಕಣ್ಲಾ. ಉಸಾರಾಗಿರು." ನಾನು ನಕ್ಕೆ. ನಕ್ಕದ್ದು ಅವನ ಮುಂದೆ ಮಾತ್ರ. ನನ್ನ ಹತ್ತಿರ ಇದ್ದ ಒಂದೇ ಆಸ್ತಿ ಆ ಕಾಲು. ಮುಂದಿನ ತಿಂಗಳು ಪೊಲೀಸ್ ಕೆಲಸಕ್ಕೆ ಓಟದ ಪರೀಕ್ಷೆ ಬೇರೆ ಇತ್ತು.

ಇಬ್ಬರಿಗೂ ಸೇರದ ನೆಲವಿರಲಿ ಎಂದು ಆಟವನ್ನು ಮದ್ದೂರಿನಲ್ಲಿ ಇಟ್ಟರು. ನಮ್ಮನ್ನು ರೈಲಿನಲ್ಲಿ ಕರೆದುಕೊಂಡು ಹೋದವರು ನಮ್ಮ ಪಿ.ಟಿ. ಮೇಷ್ಟ್ರು. ಕುಳ್ಳನೆಯ ಮನುಷ್ಯ, ಜೋರಾಗಿ ಮಾತನಾಡಿದ್ದನ್ನು ನಾನು ಕೇಳಿಲ್ಲ. ರೈಲು ಹೊರಟ ಮೇಲೆ ಹೇಳಿದರು: "ಆಟ ಆದ್ಮೇಲೆ ಛತ್ರದಲ್ಲಿ ಊಟ. ಎರಡೂ ಕಾಲೇಜಿನವರು, ನೋಡೋಕೆ ಬಂದವರು, ಎಲ್ಲ ಒಂದೇ ಪಂಕ್ತಿ. ಒಬ್ಬ ನಮ್ಮವನು, ಪಕ್ಕಕ್ಕೆ ಒಬ್ಬ ಅವರವನು. ಹಿರಿಯರು ಏಳೋವರೆಗೂ ಯಾರೂ ಏಳಂಗಿಲ್ಲ."

"ಊಟ ಆದ್ಮೇಲೆ ಸಾರ್?" ಎಂದೆ.

"ಆರೂವರೆಗೆ ಮಳವಳ್ಳಿಗೆ ಕೊನೇ ಬಸ್ಸು. ಛತ್ರದ ಮುಂದೇನೇ ನಿಲ್ಲುತ್ತೆ. ಅದು ಹೋದ್ರೆ ಅವರು ನಡ್ಕೊಂಡು ಹೋಗ್ಬೇಕು."

ಇದನ್ನು ಅವರು ಮಳವಳ್ಳಿಯ ಮೇಷ್ಟ್ರ ಜೊತೆ ಕೂತು ಲೆಕ್ಕ ಹಾಕಿದ್ದರು. ನಮ್ಮ ಕಡೆ ಪಂಕ್ತಿಯಲ್ಲಿ ಹಿರಿಯರು ಎಲೆ ಮಡಿಸುವ ಮೊದಲು ಎದ್ದವನನ್ನು ಮನೆಯವರೇ ಮನುಷ್ಯನೆಂದು ಎಣಿಸುವುದಿಲ್ಲ. ಮಾತು ಬಿಟ್ಟ ದಾಯಾದಿಗಳು ಕೂಡ ಮದುವೆಮನೆಯಲ್ಲಿ ಎದುರುಬದುರು ಕೂತು, ಅಜ್ಜ ಏಳುವ ತನಕ ಬೆರಳು ನೆಕ್ಕುತ್ತಾ ಕಾಯುತ್ತಾರೆ. ಇದನ್ನು ಫುಟ್‌ಬಾಲಿಗೆ ತಂದು ಹಚ್ಚುವ ಯೋಚನೆ ಬಂದ ತಲೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಆಟದಲ್ಲಿ ನಾವು ಒಂದು ಗೋಲಿನಿಂದ ಗೆದ್ದೆವು. ಗೋಲು ಬಿದ್ದದ್ದು ಆಟ ಮುಗಿಯಲು ಐದು ನಿಮಿಷ ಇದ್ದಾಗ, ಅದೂ ಆಫ್‌ಸೈಡ್ ಎಂದು ಮಳವಳ್ಳಿಯವರು ಕೂಗುತ್ತಿರುವಾಗಲೇ. ಇದಕ್ಕಿಂತ ಕೆಟ್ಟ ಗೆಲುವು ನನಗೆ ಬೇಕಿರಲಿಲ್ಲ. ಕೊನೆಯ ಸೀಟಿ ಊದಿದಾಗ ಜಲ್ಲೆ ಹಿಡಿದ ಕೈಗಳು ನನ್ನ ಕಡೆಗೇ ತಿರುಗಿದವು. ಅಷ್ಟರಲ್ಲಿ ಇಬ್ಬರು ಮೇಷ್ಟ್ರುಗಳು ಮೈದಾನದ ನಡುವೆ ನಿಂತು, "ಎಲೆ ಹಾಕಿದೆ, ನಡೀರಪ್ಪ, ಅಡಿಗೆಯವರು ಕಾಯ್ತಾವ್ರೆ" ಎಂದರು. ಊಟಕ್ಕೆ ಕರೆದಾಗ ಒಲ್ಲೆ ಎನ್ನುವುದು ಹೇಗೆ? ಜಲ್ಲೆಗಳನ್ನೆಲ್ಲ ಛತ್ರದ ಬಾಗಿಲಿಗೆ ಒರಗಿಸಿ ಒಳಗೆ ಹೋದರು. ಹೊರಗೆ ಬರುವಾಗ ಎತ್ತಿಕೊಂಡರಾಯಿತು ಎಂಬ ಧೈರ್ಯ.

ನೂರಕ್ಕೂ ಹೆಚ್ಚು ಜನ ಎದುರುಬದುರಾಗಿ ಎರಡು ಸಾಲಿನಲ್ಲಿ ಕೂತೆವು. ಯಾವ ಜಾತಿಯವನು ಯಾರ ಪಕ್ಕ ಎಂದು ಯಾರೂ ಕೇಳಲಿಲ್ಲ. ಕಾಲೇಜಿನ ಲೆಕ್ಕದಲ್ಲಿ ಕೂರಿಸುವ ಅವಸರದಲ್ಲಿ ಆ ಲೆಕ್ಕ ಎಲ್ಲರಿಗೂ ಮರೆತುಹೋಗಿತ್ತು. ನನ್ನ ಎದುರಿಗೆ ಒಬ್ಬಳು ಅಜ್ಜಿ ಕೂತಿದ್ದಳು. ಬಾಯಲ್ಲಿ ಒಂದು ಹಲ್ಲೂ ಇದ್ದಂತೆ ಕಾಣಲಿಲ್ಲ. ಇಡೀ ಛತ್ರಕ್ಕೆ ಆಕೆಯೇ ಹಿರಿಯಳು. ಪಕ್ಕದಲ್ಲಿದ್ದ ಮಳವಳ್ಳಿಯ ಹುಡುಗ ನನ್ನ ಕಡೆ ಬಾಗಿದ.

"ಅದ್ಯಾರು ಗೊತ್ತೇನ್ಲಾ? ಓದೊರ್ಸ ನೀನು ಬೂಟಲ್ಲಿ ಒಡುದ್ಯಲ್ಲ, ಅವ್ನ್ ಅಜ್ಜಿ. ಇನ್ಮೇಲೆ ಒಬ್ನೇ ಕಳ್ಸಕ್ಕಿಲ್ಲ ಅಂತ ಬಸ್ ಅತ್ಕಂಡು ಬಂದದೆ."

ಆಗ ಆಕೆಯ ಪಕ್ಕದಲ್ಲಿ ತಲೆ ಬಗ್ಗಿಸಿ ಕೂತಿದ್ದ ಉದ್ದ ಕೂದಲಿನವನನ್ನು ನೋಡಿದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ನನ್ನ ಕಾಲು ಮುರಿಯುವುದನ್ನು ಕಣ್ಣಾರೆ ನೋಡಲು ಬಂದಿದ್ದಾಳೆ ಎಂದುಕೊಂಡೆ.

ಇಬ್ಬರು ಮೇಷ್ಟ್ರುಗಳು ಮಾಡಿದ ತಪ್ಪು ಆಗ ಗೊತ್ತಾಯಿತು. ಅವರು ಅಡಿಗೆಯವರಿಗೆ ಮುದ್ದೆ, ಅವರೆಕಾಳಿನ ಸಾರು ಹೇಳಿದ್ದರು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವುದು. ಆಡಿ ಹಸಿದ ಹುಡುಗರಿಗೆ ಒಂದು ಮುದ್ದೆ ಎಷ್ಟು ಹೊತ್ತು? ಐದೂಕಾಲಿಗೆ ಬಡಿಸಿದರು, ಐದೂವರೆಗೆ ಹುಡುಗರ ಎಲೆಗಳೆಲ್ಲ ಖಾಲಿ. ಎರಡನೇ ಸಲ ಬಡಿಸಲು ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ. ಬಸ್ಸಿಗೆ ಇನ್ನೂ ಒಂದು ಗಂಟೆ. ನಮ್ಮ ಮೇಷ್ಟ್ರು ಗೋಡೆಯ ಗಡಿಯಾರ ನೋಡಿ, ಬಾಗಿಲಿಗೆ ಒರಗಿದ್ದ ಜಲ್ಲೆಗಳನ್ನು ನೋಡಿ, ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಅವರು ಹೆದರಿದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಅಜ್ಜಿಯೂ ಅವರನ್ನು ನೋಡಿದಳು. ಬಾಗಿಲ ಕಡೆಗೂ ನೋಡಿದಳು. ಆಕೆಯ ಎಲೆಯಲ್ಲಿ ಮುಕ್ಕಾಲು ಮುದ್ದೆ ಉಳಿದಿತ್ತು. ಅಲ್ಲಿಂದ ಆಕೆ ಊಟ ಮಾಡುವ ರೀತಿಯೇ ಬದಲಾಯಿತು. ಕಡಲೆಕಾಳಿನಷ್ಟು ಮುದ್ದೆ ಮುರಿದು, ಅದನ್ನು ಸಾರಿನಲ್ಲಿ ಅತ್ತ ಇತ್ತ ಹೊರಳಿಸಿ, ಬಾಯಿಗಿಟ್ಟು, ಇಲ್ಲದ ಹಲ್ಲಿನಿಂದ ಅಗಿಯತೊಡಗಿದಳು. ನಮ್ಮ ಕಡೆ ಮುದ್ದೆ ಅಗಿಯುವವರನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಆಮೇಲೆ ಸಾರಿನ ಅವರೆಕಾಳನ್ನು ಒಂದೊಂದಾಗಿ ಎತ್ತಿ, ಹಿದುಕಿ, ಸಿಪ್ಪೆಯನ್ನು ಎಲೆಯ ಅಂಚಿಗೆ ಜೋಡಿಸಿದಳು. ಮಳವಳ್ಳಿಯ ದಾಂಡಿಗನೊಬ್ಬ ತಡೆಯಲಾರದೆ ಮಂಡಿ ಎತ್ತಿದ.

"ಎಲ್ಲಿಗ್ಲಾ? ನಾನಿನ್ನೂ ಉಣ್ತಾ ಇವ್ನಿ" ಎಂದಳು ಅಜ್ಜಿ, ತಲೆ ಎತ್ತದೆ.

ಅವನು ಕೂತ. ನೂರಕ್ಕೂ ಹೆಚ್ಚು ಬಿಸಿರಕ್ತದ ಗಂಡಸರು ಒಣಗುತ್ತಿರುವ ಬಲಗೈಯನ್ನು ಗಾಳಿಯಲ್ಲಿ ಹಿಡಿದು, ಒಬ್ಬ ಮುದುಕಿ ಅವರೆಕಾಳು ಹಿದುಕುವುದನ್ನು ನೋಡುತ್ತಾ ಕೂತರು. ನಾನು ಮುಂದೆ ಪೊಲೀಸ್ ಕೆಲಸದಲ್ಲಿ ಲಾಠಿಯವರನ್ನೂ ಬಂದೂಕಿನವರನ್ನೂ ಕಂಡೆ. ಅಷ್ಟು ಜನರನ್ನು ಅಷ್ಟು ಹೊತ್ತು ಹಾಗೆ ಕೂರಿಸಿದವರನ್ನು ಕಾಣಲಿಲ್ಲ. ಆಕೆ ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ ಎಂಬುದು ಗೊತ್ತಾಗಿತ್ತು, ಯಾಕೆ ಎಂಬುದು ಮಾತ್ರ ತಿಳಿಯಲಿಲ್ಲ.

ಸುಮ್ಮನೆ ಕೂರುವುದು ಎಷ್ಟು ಹೊತ್ತು? ಪಕ್ಕದವನು ಎಡಗೈಯಿಂದ ನನ್ನ ಎಲೆಯ ಮೇಲೆ ಉಪ್ಪಿನ ಗೆರೆ ಎಳೆದು, ಎಲೆಯಂಚಿನಲ್ಲಿ ಉಳಿದಿದ್ದ ಅವರೆಸಿಪ್ಪೆಗಳನ್ನು ಆಟಗಾರರಂತೆ ಇಟ್ಟು, "ಇವ್ನು ನಿಮ್ಮೋನು, ಇಲ್ಲಿದ್ದ. ನಮ್ ಬ್ಯಾಕು ಇಲ್ಲಿ. ಈಗ ಯೋಳು, ಆಫ್‌ಸೈಡ್ ಅಲ್ವಾ?" ಎಂದ. ನಾನು ಎರಡು ಸಿಪ್ಪೆ ಸರಿಸಿದೆ, ಅವನು ಮತ್ತೆ ಸರಿಸಿದ. ಅತ್ತ ಇತ್ತಲಿನವರೂ ಬಾಗಿ ನೋಡಿದರು, ಸಾಲಿನುದ್ದಕ್ಕೂ ಎಲೆಗಳ ಮೇಲೆ ಪಂದ್ಯ ಮತ್ತೆ ನಡೆಯಿತು. ಎಷ್ಟು ಸರಿಸಿದರೂ ಅದು ಆಫ್‌ಸೈಡೇ ಆಗಿತ್ತು. ನಾನು ಒಪ್ಪಿಕೊಳ್ಳಲಿಲ್ಲ, ಆದರೆ ವಾದಿಸುವುದನ್ನು ಬಿಟ್ಟೆ.

ಹೊರಗೆ ಬಸ್ಸಿನ ಹಾರನ್ ಕೇಳಿತು. ಅಜ್ಜಿಯ ಎಲೆಯಲ್ಲಿ ಇನ್ನೂ ಅರ್ಧ ಮುದ್ದೆಯಿತ್ತು. ಅದನ್ನು ಎರಡೇ ತುತ್ತಿಗೆ ಗುಳುಂ ಮಾಡಿ, ನೀರು ಕುಡಿದು, ಎಲೆ ಮಡಿಸಿ ಎದ್ದಳು. ಪಂಕ್ತಿಯೇ ಎದ್ದು ನಿಂತಿತು. ಕಂಡಕ್ಟರು ಬಾಗಿಲು ಬಡಿದು ಕೂಗುತ್ತಿದ್ದ. ಕೈ ತೊಳೆಯುವವರು, ಪಂಚೆ ಎತ್ತಿ ಕಟ್ಟಿ ಓಡುವವರು, ಜಾಗ ಹಿಡಿಯಲು ಕಿಟಕಿಯಿಂದ ಟವೆಲು ಎಸೆಯುವವರು. ಜಲ್ಲೆಗಳು ಬಾಗಿಲಲ್ಲೇ ಉಳಿದವು. ನನ್ನ ಕಾಲು ಉಳಿಯಿತು.

ನಮ್ಮವರು ರೈಲಿಗೆ ಹೊರಟರು. ನನಗೆ ಹಾಗೆ ಹೋಗಲು ಆಗಲಿಲ್ಲ. ಬಸ್ಸಿನ ಮೆಟ್ಟಿಲ ಹತ್ತಿರ ಅಜ್ಜಿಯನ್ನು ಹಿಡಿದೆ.

"ಅಜ್ಜೀ, ಅವನಿಗೆ ಹೊಡೆದವನು ನಾನೇ. ಗೊತ್ತಿದ್ದೂ ಯಾಕೆ ಹಿಂಗ್ ಮಾಡುದ್ರಿ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ ಕಾಲು ಉಳೀಲಿ ಅಂತ ಮಾಡ್ದೆ ಅಂದ್ಕಂಡಾ? ನೀನು ನಂಗೆ ಏನೂ ಅಲ್ಲ ಕಣಪ್ಪ. ನನ್ ಮೊಮ್ಮಗ ನಿನ್ನಂಗಾಗ್ಬಾರ್ದು, ಅದ್ಕೆ ಮಾಡ್ದೆ."

ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ ಹುಡುಗನ ಪಕ್ಕಕ್ಕೆ ಹೋಗಿ, ಬೇರೆಯವರಿಗೆ ಕೇಳದ ಹಾಗೆ, "ತಪ್ಪಾಯ್ತು ಕಣಪ್ಪ" ಎಂದೆ. ಅವನು ತಿರುಗಿಯೂ ನೋಡದೆ ಒಳಗೆ ಹತ್ತಿದ. ಸೊಕ್ಕು ಎಂದುಕೊಂಡೆ.

ಮೆಟ್ಟಿಲ ಮೇಲಿಂದ ಅಜ್ಜಿ ಹೇಳಿದಳು: "ಆ ಎಡಗಿವಿ ಕೇಳಕ್ಕಿಲ್ಲ ಕಣಪ್ಪ, ಓದೊರ್ಸದಿಂದ. ಬಲಗಡೆ ಬಂದು ಯೋಳು."

ಆವತ್ತು ಮಧ್ಯಾಹ್ನ ಆಟದಲ್ಲಿ ರೆಫರಿ ಸೀಟಿ ಊದಿದ ಮೇಲೂ ಅವನು ಎರಡು ಸಲ ಚೆಂಡು ತಳ್ಳಿಕೊಂಡು ಓಡಿದ್ದ, ನಾನು ಕೆಟ್ಟ ಮಾತಿನಲ್ಲಿ ಬೈದಿದ್ದೆ. ಅದು ನೆನಪಾಯಿತು. ಬಸ್ಸಿನ ಹಿಂದಿನಿಂದ ಸುತ್ತಿ ಓಡಿದೆ. ಅವನು ಡ್ರೈವರ್ ಕಡೆಯ ಕಿಟಕಿಯಲ್ಲಿ ಕೂತಿದ್ದ, ಬಲಗಿವಿ ಹೊರಗಡೆಗೆ. ಹಾರನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಮೆಲ್ಲಗೆ ಹೇಳಿದರೆ ಕೇಳುವಂತಿರಲಿಲ್ಲ. ಕೂಗಿ ಹೇಳಿದೆ: ತಪ್ಪಾಯಿತು, ಹಿಂದಿನಿಂದ ಹೊಡೆದೆ, ನಾನೇ ಹೊಡೆದೆ. ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಯಾರೂ ನಗಲಿಲ್ಲ.

ಅವನು ಕಿಟಕಿಯಿಂದ ನನ್ನ ಕಡೆ ಬಾಗಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಆ ಕಿವೀಗೂ ಒಂದ್ಸಲ ಯೋಳು. ಕೇಳ್ತದೇನೋ ನೋಡಾನ" ಎಂದ.

ನಾನು ಬಸ್ಸನ್ನು ಸುತ್ತಿಕೊಂಡು ಬಾಗಿಲ ಕಡೆಗೆ ಓಡಿದೆ. ಅಷ್ಟರಲ್ಲಿ ಬಸ್ಸು ಹೊರಟಿತ್ತು.